ಡಿಂಗಿ ಎತ್ತೋ ಡೇವಿಟ್: ಒಂದು ಸೀಸನ್ ಬಳಸಿದ ಮೇಲೆ

ಮೊದಲು ನಾವೂ ಡಿಂಗಿನ, ಅಂದ್ರೆ ದಡಕ್ಕೆ ಹೋಗಿಬರೋ ಪುಟ್ಟ ದೋಣಿನ, ನಮ್ಮ ದೊಡ್ಡ ಬೋಟ್ ಹಿಂದೆ ಕಟ್ಟಿ ಎಳ್ಕೊಂಡೇ ಹೋಗ್ತಿದ್ವಿ, ನೀರು ಶಾಂತವಾಗಿದ್ರೆ ಏನೂ ತೊಂದ್ರೆ ಇಲ್ಲ, ಆದ್ರೆ ಒಂದ್ಸಲ ಆಂಕರ್ ಹಾಕೋಕೆ ರಿವರ್ಸ್ ಹೋದಾಗ ಹಗ್ಗ ಪ್ರೊಪೆಲ್ಲರ್‌ಗೆ ಸುತ್ಕೊಂಡು ಇಂಜಿನ್ನೇ ನಿಂತೋಯ್ತು, ನೈಲಾನ್ ಹಗ್ಗ ನೀರಲ್ಲಿ ಮುಳುಗುತ್ತಲ್ಲ, ತೇಲೋ ಪಾಲಿಪ್ರೊಪಿಲೀನ್ ಹಾಕಿದ್ರೂ ರಿವರ್ಸ್‌ಗೆ ಮುಂಚೆ ಹತ್ತಿರ ಎಳ್ಕೊಳ್ಳಲೇಬೇಕು. ಅದಾದ್ಮೇಲೆ ಈ ಡೇವಿಟ್, ಅಂದ್ರೆ ಡಿಂಗಿನ ನೀರಿಂದ ಮೇಲೆತ್ತಿ ಬೋಟ್‌ಗೆ ನೇತುಹಾಕೋ ಸಾಧನ, ತಗೊಂಡಿದ್ದು.

ಎರಡು ಸ್ಟೀಲ್ ತೋಳು, ಒಂದೊಂದಕ್ಕೂ 4:1 ಪುಲ್ಲಿ. ಭಾರ ಹಗುರ ಅನ್ಸುತ್ತೆ ನಿಜ, ಆದ್ರೆ ಡಿಂಗಿ 1 ಮೀಟರ್ ಮೇಲೆ ಬರೋಕೆ 4 ಮೀಟರ್ ಹಗ್ಗ ಎಳೀಬೇಕು, ಅದೂ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ, ಒಬ್ರೇ ಇದ್ರೆ ಓಡಾಡಿ ಓಡಾಡಿ ಸಾಕಾಗುತ್ತೆ. ಔಟ್‌ಬೋರ್ಡ್ (ಡಿಂಗಿ ಹಿಂದೆ ಸಿಗಿಸೋ ಇಂಜಿನ್) ಮೊದಲೇ ಬಿಚ್ಚಿ ರೇಲಿಂಗ್‌ಗೆ ಹಾಕ್ಬಿಡಿ.

ತೋಳು, ವೆಲ್ಡಿಂಗ್ ಎಲ್ಲಾ ಗಟ್ಟಿ. ನನ್ನ ದೂರು ಎರಡು ಹಲ್ಲಿನ ತುಂಡುಗಳ ನಡುವೆ ಹಗ್ಗ ಕಚ್ಚಿ ಹಿಡಿಯೋ ಕ್ಯಾಮ್ ಕ್ಲೀಟ್ ಬಗ್ಗೆ. ಒಂದಿನ ಹಗ್ಗ ಟಪ್ ಅಂತ ಹಲ್ಲಿಂದ ಜಾರಿ ಡಿಂಗಿ ಮುಂಭಾಗ ಒಂದು ಗೇಣು ಕೆಳಗೆ ಬಿತ್ತು, ನನ್ನ ಅಂಗೈ ಸುಟ್ಟಿತು. ಈಗ ಅದನ್ನ ನಂಬಲ್ಲ, ಪಕ್ಕದಲ್ಲಿ ಮಾಮೂಲಿ ಕ್ಲೀಟ್ ಕೂರಿಸಿ ಸುತ್ತಿ ಕಟ್ತೀನಿ. ಇಷ್ಟು ದುಡ್ಡು ತಗೊಂಡು ಅದನ್ನ ಅವರೇ ಕೊಡಬಾರ್ದಾ?

ತೂಗಾಡದ ಹಾಗೆ ಅಡ್ಡಡ್ಡ ಹಗ್ಗ ಬಿಗಿದು, ನೀರು ಹರಿದು ಹೋಗೋಕೆ ಡಿಂಗಿಯ ಡ್ರೈನ್ ಪ್ಲಗ್ (ತೂತಿನ ಬಿರಡೆ) ತೆಗ್ದಿಡಿ. 100 ಲೀಟರ್ ಮಳೆನೀರು ನಿಂತ್ರೆ 100 ಕೆಜಿ, ಅಷ್ಟೂ ಭಾರ ತೋಳಿನ ಬೋಲ್ಟ್ ಮೇಲೇ.

ದಡದ ಹತ್ತಿರ ಸುತ್ತಾಡೋಕೆ ಧಾರಾಳವಾಗಿ ತಗೊಳ್ಳಿ. ತೆರೆದ ಸಮುದ್ರಕ್ಕೆ ಹೊರಟ್ರೆ ಮಾತ್ರ ನಾನಿನ್ನೂ ಡಿಂಗಿನ ಡೆಕ್ ಮೇಲೆ ಬೋರಲು ಹಾಕಿ ಕಟ್ಟೋದೇ.