ಹಳೆಯ ಬೆಳ್ಳಿಯ ಸಾಸಿವೆ ಭರಣಿ: ಕೋಲಾರದ ಅಂಗಡಿಯೊಂದರ ಕೆಲಸ

ಕೆಜಿಎಫ್ ಗಣಿ ಅಧಿಕಾರಿಗಳ ಬಂಗಲೆಯೊಂದರಿಂದ ನಮ್ಮ ಮನೆತನಕ್ಕೆ ಬಂದ ಇಂಗ್ಲಿಷ್ ಬೆಳ್ಳಿಯ ಸಾಸಿವೆ ಭರಣಿಯನ್ನು (ಉಪ್ಪು ಬೆರೆಸಿ ಅರೆದ ಸಾಸಿವೆಯನ್ನು ಊಟದ ಮೇಜಿನ ಮೇಲಿಡುವ ಸಣ್ಣ ಪಾತ್ರೆ) ಶುಚಿಗೊಳಿಸಲು ಕೋಲಾರದ ಪೇಟೆಯ ಹಳೆಯ ಅಕ್ಕಸಾಲಿಗರ ಅಂಗಡಿಗೆ ಕೊಟ್ಟಿದ್ದೆವು. ಕೆಲಸ ಬಹುಮಟ್ಟಿಗೆ ತೃಪ್ತಿ ತಂದಿದೆ.

ಇಂತಹ ಭರಣಿಯ ಒಳಗೆ ನೀಲಿ ಗಾಜಿನ ಬಟ್ಟಲೊಂದಿರುತ್ತದೆ. ಸಾಸಿವೆಯ ಗಂಧಕಾಂಶ ಬೆಳ್ಳಿಯನ್ನು ಕಪ್ಪಾಗಿಸುವುದರಿಂದಲೂ ಉಪ್ಪು ಅದನ್ನು ಕೊರೆಯುವುದರಿಂದಲೂ ಆ ಗಾಜು ಕೇವಲ ಅಲಂಕಾರವಲ್ಲ. ಮುಚ್ಚಳದ ಅಂಚಿನ ಸಣ್ಣ ಕಚ್ಚು ಚಮಚದ ಹಿಡಿಗಾಗಿ ಬಿಟ್ಟದ್ದು. ತಳದಲ್ಲಿರುವ ನಡೆಯುವ ಸಿಂಹದ ಮುದ್ರೆ ಶೇ 92.5ರಷ್ಟು ಬೆಳ್ಳಿಯನ್ನೂ, ಚಿರತೆಯ ಮುಖ ಲಂಡನ್ನಿನಲ್ಲಿ ಪರೀಕ್ಷೆಯಾದುದನ್ನೂ, ಪಕ್ಕದ ಅಕ್ಷರ ಆ ವರ್ಷವನ್ನೂ ಸೂಚಿಸುತ್ತವೆ. ಯಂತ್ರದಲ್ಲಿ ಉಜ್ಜಿ ಹೊಳಪು ಕೊಟ್ಟರೆ ಬೆಳ್ಳಿಯ ತೆಳು ಪದರವೊಂದು ಹೋಗಿ ಈ ಗುರುತುಗಳೇ ಮಾಸುತ್ತವೆ. ಬೇರೊಂದು ಕಡೆ ನಮ್ಮ ಹಾಲಿನ ಜಗ್ಗಿಗೆ ಆದದ್ದು ಇದೇ, ಆ ನಷ್ಟವನ್ನು ತುಂಬಲಾಗದು.

ಇಲ್ಲಿನ ಹಿರಿಯ ಕೆಲಸಗಾರರು, ನಾವು ಹೇಳುವ ಮೊದಲೇ, ಯಂತ್ರ ಬೇಡವೆಂದು ನಿರ್ಧರಿಸಿ, ಗಾಜನ್ನು ನಮ್ಮ ಕೈಗೇ ಮರಳಿಸಿ, ಅಂಟುವಾಳದ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಶುಚಿಗೊಳಿಸಿದರು. ಕೆತ್ತನೆಯ ಗೆರೆಗಳ ಆಳದಲ್ಲಿದ್ದ ಕಪ್ಪನ್ನು ಹಾಗೆಯೇ ಉಳಿಸಿದ್ದು ಅವರ ನಿಜವಾದ ಪರಿಣತಿ: ಅದಿಲ್ಲದೆ ಬಳ್ಳಿಯ ವಿನ್ಯಾಸ ಎದ್ದು ಕಾಣುತ್ತಿರಲಿಲ್ಲ.

ಕೊರತೆಗಳೂ ಇವೆ. ಮುಚ್ಚಳದ ಕೀಲು ಇನ್ನೂ ಬಿಗಿಯಾಗಿದೆ. ರಸೀದಿಯಲ್ಲಿ ತೂಕ ಮಾತ್ರ ಬರೆಯುತ್ತಾರೆ. ಹಳೆಯ ವಸ್ತು ಕೊಡುವವರು ಮುದ್ರೆಗಳ ವಿವರವನ್ನೂ ಕೇಳಿ ಬರೆಸಿಕೊಳ್ಳಬೇಕು, ತಳದ ಫೋಟೊ ತೆಗೆದಿಟ್ಟುಕೊಳ್ಳಬೇಕು.