ಬಾತ್‌ರೂಮಿನ ಜಿಎಫ್‌ಸಿಐ ಸಾಕೆಟ್: ಕಾಪಾಡುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ

ಐದಕ್ಕೆ ಮೂರೂವರೆ ಸ್ಟಾರ್. ಒಂದೂವರೆ ಕಳೆದದ್ದು ಒಂದೇ ಕಾರಣಕ್ಕೆ. ಜಿಎಫ್‌ಸಿಐ ಅಂದರೆ ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸಾಕೆಟ್. ಅದು ಹಾಗೆ ಟ್ರಿಪ್ ಆಗುತ್ತದೆ, ಸರಿ, ಅದಕ್ಕೆಂದೇ ಹಾಕಿಸಿದ್ದು. ಆದರೆ ಯಾಕೆ ಟ್ರಿಪ್ ಆಯಿತು ಅಂತ ಒಂದು ಸುಳಿವೂ ಕೊಡುವುದಿಲ್ಲ.

ವಾಶ್‌ಬೇಸಿನ್ ಪಕ್ಕದ ಗೋಡೆಯಲ್ಲಿ ಕೆಲವು ವರ್ಷಗಳಿಂದ ಇದೆ. ಮೊದಲೆಲ್ಲ ಕಾಟವೇ ಇರಲಿಲ್ಲ. ತಿಂಗಳಿಗೊಮ್ಮೆ ಟ್ರಿಮ್ಮರ್ ಚಾರ್ಜಿಗೆ ಹಾಕಿ, ಕೈ ಚೆನ್ನಾಗಿ ಒರೆಸಿಕೊಂಡು, ಟೆಸ್ಟ್ ಬಟನ್ ಒತ್ತುತ್ತೇನೆ. ಟಕ್! ಟ್ರಿಮ್ಮರಿನ ದೀಪ ಆರುತ್ತದೆ. ರೀಸೆಟ್ ಒತ್ತಿದರೆ ಮತ್ತೆ ಟಕ್, ದೀಪ ವಾಪಸ್. ರೀಸೆಟ್ ಬಟನ್ ಸ್ವಲ್ಪ ಬಿಗಿ, ಹೆಬ್ಬೆರಳಿಂದ ಪೂರ್ತಿ ಒಳಗೆ ತಳ್ಳಬೇಕು. ಆ ಎರಡು ಟಕ್ ಕೇಳಿದ ಮೇಲೆ ಏನೋ ಒಂದು ನೆಮ್ಮದಿ.

ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಬೀಳುವ ಚಾಳಿ ಹಿಡಿಯಿತು. ಮನೆಯವರ ಕಣ್ಣೆಲ್ಲ ಹೇರ್ ಡ್ರೈಯರ್ ಮೇಲೆ. ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಅದಕ್ಕೇ ಬೀಳುತ್ತಿದೆ ಅಂದರು. ಆದರೆ ಲೋಡ್ ಜಾಸ್ತಿಯಾದರೆ ಬೀಳುವುದು ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ ಅಲ್ವಾ? ಈ ಸಾಕೆಟ್ ನೋಡುವುದೇ ಬೇರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ, ಅಷ್ಟೇ ಅದರ ಲೆಕ್ಕ. ಸುಮಾರು 5 ಮಿಲಿ ಆಂಪಿಯರ್ ಕಮ್ಮಿ ಬಂದರೂ ಸಾಕು, ಎಲ್ಲೋ ಸೋರುತ್ತಿದೆ ಅಂತ ತಕ್ಷಣ ಕಟ್ ಮಾಡುತ್ತದೆ. ಇದೇ ಥರ ಸೋರಿಕೆ ನೋಡಲು ಮನೆಗೆಲ್ಲ ಸೇರಿಸಿ ಬೋರ್ಡಿನಲ್ಲಿ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. ಇದು ಅದಕ್ಕಿಂತ ತುಂಬಾ ಸೂಕ್ಷ್ಮ. ಹಾಗಂತ ಡ್ರೈಯರನ್ನು ಪೂರ್ತಿ ನಂಬುವಂತೆಯೂ ಇರಲಿಲ್ಲ. ತೇವ ಹಿಡಿದ ಡ್ರೈಯರ್ ಕರೆಂಟ್ ಸೋರಿಸಬಹುದು.

ಅದಕ್ಕೆ ರಾತ್ರಿ ಎಲ್ಲ ಪ್ಲಗ್ ಕಿತ್ತು, ರೀಸೆಟ್ ಮಾಡಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಮತ್ತೆ ಬಿದ್ದಿತ್ತು. ಡ್ರೈಯರ್ ಅಲ್ಲಿಗೆ ಪಾರಾಯಿತು. ನನಗೆ ಮಾತ್ರ ರೇಗಿಹೋಯಿತು. ಏನೂ ಸಿಕ್ಕಿಸದ ಸಾಕೆಟ್‌ಗೆ ಏನು ರೋಗ? ಸಾದಾ ಸಾಕೆಟ್ ಹಾಕಿಸಿಬಿಡಿ, ತಲೆನೋವು ಹೋಗುತ್ತದೆ ಅಂತ ಸಲಹೆ ಕೊಟ್ಟವರೂ ಇದ್ದರು. ನೀರಿರುವ ಕಡೆ ಹಾಗೆ ಮಾಡಿಸಲು ನನಗಂತೂ ಧೈರ್ಯವಿಲ್ಲ.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಸಾಕೆಟ್ ಹೊರಗೆ ಎಳೆದರು. ಹಿಂದೆ ಎರಡು ಜೋಡಿ ವೈರ್. ಲೈನ್ ಅಂತ ಬರೆದಿರುವ ಕಡೆ ಕರೆಂಟ್ ಬರುವ ಜೋಡಿ. ಲೋಡ್ ಅಂತ ಬರೆದಿರುವ ಕಡೆ ಮುಂದಕ್ಕೆ ಹೋಗುವ ಜೋಡಿ. ಮುಂದಕ್ಕೆ ಎಲ್ಲಿಗೆ? ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರು ಲೋಡ್ ಜೋಡಿ ಬಿಚ್ಚಿ, ತುದಿಗಳಿಗೆ ಕ್ಯಾಪ್ ಹಾಕಿ, ಒಂದು ರಾತ್ರಿ ಹಾಗೇ ಬಿಡಿ ಅಂದರು. ಮರುದಿನ ಸಾಕೆಟ್ ಗಟ್ಟಿಯಾಗಿ ನಿಂತಿತ್ತು.

ಆ ವೈರ್ ಹೋಗಿದ್ದು ಮನೆ ಹೊರಗಿನ ಒಂದು ಪ್ಲಗ್ ಪಾಯಿಂಟ್‌ಗೆ. ಯಾರೂ ಬಳಸದ್ದು. ಮುಚ್ಚಳದ ರಬ್ಬರ್ ಒಂದು ಕಡೆ ಹರಿದಿತ್ತು. ತೆಗೆದು ನೋಡಿದರೆ ಸ್ಕ್ರೂ ಮೇಲೆ ಹಸಿರು ಕಿಲುಬು, ಡಬ್ಬಿಯ ಕೆಳಗಿನ ಮೂಲೆಯಲ್ಲಿ ನಿಂತ ನೀರು. ರಾತ್ರಿಯ ತೇವಕ್ಕೆ ಅಲ್ಲಿ ಕರೆಂಟ್ ಸೋರುತ್ತಿತ್ತು, ಬಿಸಿಲು ಬಂದ ಮೇಲೆ ನಿಲ್ಲುತ್ತಿತ್ತು. ಅದಕ್ಕೇ ಮಧ್ಯಾಹ್ನ ರೀಸೆಟ್ ಮಾಡಿದರೆ ಸಂಜೆವರೆಗೂ ಸುಮ್ನೆ ಇರುತ್ತಿದ್ದದ್ದು.

ಇಲ್ಲಿ ನನ್ನ ಸಿಟ್ಟು ಅರ್ಧ ಇಳಿಯಿತು. ಸಾಕೆಟ್ ಅಷ್ಟು ದಿನ ಹೇಳುತ್ತಿದ್ದದ್ದು ನಿಜವೇ. ಉಳಿದ ಅರ್ಧ ಸಿಟ್ಟು ಇನ್ನೂ ಇದೆ. ಮುಂದೆ ಜೋಡಿಸಿದ ಪಾಯಿಂಟಲ್ಲಿ ಸೋರಿದರೂ ಸಾಕೆಟ್ ಮೇಲೆ ಅದೇ ದೀಪ, ನಮ್ಮ ಕೈಯಲ್ಲಿರುವ ಡ್ರೈಯರ್ ಕೆಟ್ಟರೂ ಅದೇ ದೀಪ. ಜೊತೆಗೆ ಬಂದ ಕಾಗದದಲ್ಲಿ ಲೈನ್, ಲೋಡ್ ವಿಷಯ ಇದೆ, ಆದರೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿದರೂ ಕಷ್ಟ.

ಈಗ ಹೊರಗಿನ ಪಾಯಿಂಟ್‌ಗೆ ಹೊಸ ಡಬ್ಬಿ, ಅದಕ್ಕೇ ಬೇರೆ ಜಿಎಫ್‌ಸಿಐ. ಖರ್ಚು ಜಾಸ್ತಿಯಾಯಿತು, ಆದರೆ ಯಾವುದು ಬಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದು ಗೊತ್ತು. ಕೊಳ್ಳುವವರು ಹಾಕಿಸುವಾಗಲೇ ಲೋಡ್ ಕಡೆಯಿಂದ ಏನೇನು ಹೋಗಿದೆ ಅಂತ ಕೇಳಿ, ಬೋರ್ಡಿನ ಬಾಗಿಲೊಳಗೆ ಬರೆದಿಡಿ. ಲೋಡ್ ವೈರ್ ಬಿಚ್ಚಿಸಿ, ಪ್ಲಗ್ ಎಲ್ಲ ಕಿತ್ತ ಮೇಲೂ ರೀಸೆಟ್ ನಿಲ್ಲದಿದ್ದರೆ ಮೊದಲು ಎಂಸಿಬಿ ಆನ್ ಇದೆಯಾ ನೋಡಿ. ಈಗಿನ ಎಷ್ಟೋ ಮಾಡೆಲ್‌ಗಳು ಕರೆಂಟ್ ಇಲ್ಲದಿದ್ದರೆ ರೀಸೆಟ್ ಆಗುವುದೇ ಇಲ್ಲ. ಕರೆಂಟ್ ಬರುತ್ತಿದೆ, ವೈರಿಂಗೂ ಸರಿ ಇದೆ, ಆದರೂ ನಿಲ್ಲದಿದ್ದರೆ ಸಾಕೆಟ್‌ನ ಆಯುಸ್ಸೇ ಮುಗಿದಿರಬಹುದು, ಹೊಸದು ಹಾಕಿಸಿ.