ಮಾಯಾಪಾನ್ ನೋಡಲು ಹೋಗುವವರು ಮ್ಯಾಪಿನಲ್ಲಿ ಬರೀ ‘ಮಾಯಾಪಾನ್’ ಅಂತ ಹಾಕಬೇಡಿ

ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಹಾಗಾಗಿ ಊರಿಂದ ಅಪ್ಪ ಅಮ್ಮ ಬಂದಾಗ ಇಲ್ಲಿ ಅಮೆರಿಕದಲ್ಲಿರುವ ನಮ್ಮವರು ಮೆಕ್ಸಿಕೋದ ಯುಕಟಾನ್ ರಾಜ್ಯದ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ. ನಾವೂ 2019ರ ಮಾರ್ಚ್‌ನಲ್ಲಿ ಹೋಗಿದ್ದೆವು. ಅವತ್ತು ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು, ಅದರಲ್ಲೂ ವಯಸ್ಸಾದವರನ್ನು ಕರ್ಕೊಂಡು ಹೋಗುವವರಿಗೆ. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿನ ಹೆಸರಾಂತ ಮಾಯಾ ಹಾಳು ಪಟ್ಟಣ ಚಿಚೆನ್ ಇಟ್ಜಾದಲ್ಲಿ ಜನವೋ ಜನ. ಅದಕ್ಕೆ ಒಂದು ದಿನ ಸಣ್ಣ ಜಾಗಕ್ಕೆ ಹೋಗೋಣ ಅಂತ ಮಾಯಾಪಾನ್ ಅನ್ನುವ ಇನ್ನೊಂದು ಹಾಳು ಪಟ್ಟಣ ಆರಿಸಿದೆವು. ಯುಕಟಾನಿನ ದೊಡ್ಡ ಊರು ಮೆರಿಡಾದಿಂದ ಸುಮಾರು 40 ಕಿ.ಮೀ., ಅಷ್ಟೇ. ಚಿಚೆನ್ ಇಟ್ಜಾ ಕಳೆಗುಂದಿದ ಮೇಲೆ ಯುಕಟಾನಿನ ಮಾಯಾ ಜನರಿಗೆ ಇದೇ ಕೊನೆಯ ದೊಡ್ಡ ರಾಜಧಾನಿ. ಸುತ್ತ ಸುಮಾರು 9 ಕಿ.ಮೀ. ಉದ್ದದ ಕಲ್ಲಿನ ಗೋಡೆ, ಅದರೊಳಗೆ ಹತ್ತಿರ ಹತ್ತಿರ 4000 ಕಟ್ಟಡ. 15ನೇ ಶತಮಾನದ ನಡುವೆ ಷಿಯು ಮನೆತನದವರು ಆಳುತ್ತಿದ್ದ ಕೊಕೋಮ್ ಮನೆತನದವರನ್ನು ಕೊಂದರು, ಊರು ಅಲ್ಲಿಗೆ ಮುಗಿಯಿತು. ಅಪ್ಪ ಇದನ್ನೆಲ್ಲ ಒಂದು ವಾರದಿಂದ ಓದಿಕೊಂಡು, ನಮಗೆಲ್ಲ ಊಟದ ಹೊತ್ತಿಗೆ ಹೇಳುತ್ತಿದ್ದರು.

ಬಾಡಿಗೆ ಕಾರು ತಗೊಂಡು ಹತ್ತು ಗಂಟೆಗೆ ಹೊರಟೆವು. ಫೋನಿನಲ್ಲಿ ‘ಮಾಯಾಪಾನ್’ ಅಂತ ಹಾಕಿದೆ. ತೆಕೋ ದಾಟಿ, ಇನ್ನೊಂದು ಹಳ್ಳಿ ದಾಟಿ ಸ್ವಲ್ಪ ಮುಂದೆ ಬಂದಾಗ ಅಮ್ಮ, “ಅಲ್ಲೇನೋ ಬೋರ್ಡ್ ಇತ್ತಲ್ವೇನೋ?” ಅಂದಳು. ಫೋನ್ ಇನ್ನೂ ದೂರ ಇದೆ ಅಂತ ತೋರಿಸುತ್ತಿತ್ತು. ನಾನು ಗಾಡಿ ನಿಲ್ಲಿಸಲಿಲ್ಲ.

ಅದೇ ನಾನು ಮಾಡಿದ ತಪ್ಪು. ಮಾಯಾಪಾನ್ ಅನ್ನುವ ಹೆಸರಿನ ಜಾಗ ಯುಕಟಾನಿನಲ್ಲಿ ಎರಡಿದೆ. ಹಾಳು ಪಟ್ಟಣ ಇರುವುದು ತೆಲ್ಚಾಕಿಯೋ ಅನ್ನುವ ಹಳ್ಳಿಯ ಪಕ್ಕ, 18ನೇ ನಂಬರ್ ರಸ್ತೆಗೆ ಅಂಟಿಕೊಂಡೇ. ಇನ್ನೊಂದು ಮಾಯಾಪಾನ್ ಜನ ವಾಸ ಮಾಡುವ ಊರು. ಅದು ತೆಯಾಬೋ ಊರನ್ನೂ ದಾಟಿ, ಹಾಳು ಪಟ್ಟಣದಿಂದ ಇನ್ನೂ ಸುಮಾರು 40 ಕಿ.ಮೀ. ಆಚೆ. ಫೋನ್ ನಮ್ಮನ್ನು ಹಾಳು ಪಟ್ಟಣದ ಬಾಗಿಲ ಮುಂದೆಯೇ ಹಾಯಿಸಿಕೊಂಡು ಆ ಊರಿಗೆ ಕರೆದುಕೊಂಡು ಹೋಯಿತು.

ಊರಿನ ಚೌಕದಲ್ಲಿ ಇಳಿದು, ಬಂದ ನಾಲ್ಕು ಸ್ಪ್ಯಾನಿಷ್ ಪದದಲ್ಲಿ ಕೇಳಿದೆ. ಹಣ್ಣು ಮಾರುತ್ತಿದ್ದ ಒಬ್ಬ ಅಜ್ಜಿ ನಾವು ಬಂದ ದಾರಿಯ ಕಡೆಗೇ ಕೈ ತೋರಿಸಿ, “ತೆಲ್ಚಾಕಿಯೋ, ತೆಲ್ಚಾಕಿಯೋ” ಅಂತ ಎರಡು ಸಲ ನಿಧಾನಕ್ಕೆ ಹೇಳಿದರು. ಮೆಣಸಿನಪುಡಿ ಉದುರಿಸಿದ ಕಿತ್ತಳೆ ಹಣ್ಣನ್ನು ಅಪ್ಪನ ಕೈಗಿಟ್ಟು ದುಡ್ಡು ಬೇಡ ಅಂದರು. ಆ ಹೊತ್ತಿಗೇ ಅಪ್ಪನ ಮುಖ ಬಾಡಿತ್ತು.

ವಾಪಸ್ ಹೋಗುವಾಗ ದಾರಿಯ ಪ್ರತಿ ಹಳ್ಳಿಯಲ್ಲೂ ತೋಪೆ, ಅಂದರೆ ರೋಡ್ ಹಂಪ್. ಕೆಲವಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಒಂದರ ಮೇಲೆ ಕಾರಿನ ಹೊಟ್ಟೆ ಉಜ್ಜಿತು. ಹಾಳು ಪಟ್ಟಣ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಟಿಕೆಟ್ ಕಿಂಡಿಯಲ್ಲಿ ಕಾರ್ಡ್ ತಗೊಳ್ಳಲಿಲ್ಲ, ನಮ್ಮ 500 ಪೆಸೋ ನೋಟಿಗೆ ಅಲ್ಲಿ ಚಿಲ್ಲರೆ ಇರಲಿಲ್ಲ, ನಮ್ಮ ಹಿಂದೆ ಬಂದ ಒಂದು ಜೋಡಿ ನೋಟು ಮುರಿಸಿ ಕೊಡುವ ತನಕ ಬಿಸಿಲಲ್ಲೇ ನಿಂತೆವು. ತಂದ ನೀರು ಕಾರಿನಲ್ಲೇ ಮುಗಿದಿತ್ತು. ಸುತ್ತ ಒಂದೂ ಅಂಗಡಿ ತೆರೆದಿರಲಿಲ್ಲ.

ಅಲ್ಲಿನ ಬಿಸಿಲು ಹಗುರ ಅಂದ್ಕೊಬೇಡಿ. ಸುತ್ತ ಇರುವುದು ಕುರುಚಲು ಕಾಡು, ನಡುವೆ ಬಯಲಲ್ಲಿ ಗುಡಿಗಳು, ಕಾಲ ಕೆಳಗೆ ಬಿಳಿ ಸುಣ್ಣಕಲ್ಲು. ಮೇಲಿಂದಲೂ ಬಿಸಿ, ಕೆಳಗಿಂದಲೂ ಬಿಸಿ. ಅಪ್ಪನಿಗೆ ಶುಗರ್ ಇದೆ. ಹತ್ತು ನಿಮಿಷ ನಡೆದಿರಬೇಕು, “ಕಣ್ಣು ಕತ್ತಲೆ ಬರ್ತಿದೆ ಕಣೋ” ಅಂತ ಅಲ್ಲೇ ಕುಳಿತುಬಿಟ್ಟರು. ಅಂಗೈ ತಣ್ಣಗೆ ಬೆವೆತಿತ್ತು. ಅಮ್ಮ ಸೆರಗಿನಿಂದ ಗಾಳಿ ಹಾಕಿದಳು, ಬ್ಯಾಗಿನಲ್ಲಿದ್ದ ಎರಡು ಚಾಕಲೇಟ್ ತಿನ್ನಿಸಿದಳು. ಕಾವಲಿನವನೊಬ್ಬ ತನ್ನ ಬಾಟಲಿಯ ನೀರು ತಂದುಕೊಟ್ಟ. ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಸುಧಾರಿಸಿಕೊಂಡ ಮೇಲೆ ಅಪ್ಪ ನೋಡಬೇಕು ಅಂತ ಕೇಳಿದ್ದು ಒಂದನ್ನೇ. ಕುಕುಲ್ಕಾನ್ ಅನ್ನುವ ಮಾಯಾ ದೇವರ ಗುಡಿಯ ಗೋಡೆಯಲ್ಲಿ ಗಾರೆಯಲ್ಲಿ ಮಾಡಿದ ಮನುಷ್ಯರ ಆಕೃತಿಗಳಿವೆ. ತಲೆ ಇರಬೇಕಾದ ಕಡೆ ಸಣ್ಣ ಗೂಡು. ಅದರಲ್ಲಿ ನಿಜವಾದ ತಲೆಬುರುಡೆ ಇಡುತ್ತಿದ್ದರು ಅಂತ ಹೇಳುತ್ತಾರೆ. ನನ್ನ ಹೆಗಲು ಹಿಡಿದು ಅಲ್ಲಿಯ ತನಕ ನಡೆದರು. ಪಕ್ಕೆಲುಬು ಒಂದೊಂದೂ ಎಣಿಸುವಷ್ಟು ಚೆನ್ನಾಗಿ ಉಳಿದಿದೆ. ಎರಡು ನಿಮಿಷ ನೋಡಿ, “ಸಾಕು, ಹೋಗೋಣ” ಅಂದರು. ದುಂಡನೆಯ ಗುಡಿ, ಚೆನ್‌ಮುಲ್ ಸೆನೋಟೆ (ಸುಣ್ಣಕಲ್ಲು ಕುಸಿದು ಆದ ನೀರಿನ ಗುಂಡಿ), ಬಣ್ಣದ ಚಿತ್ರಗಳು ಯಾವುದನ್ನೂ ನೋಡಲಿಲ್ಲ.

ನೀವು ಹೋಗುವುದಾದರೆ ಮ್ಯಾಪಿನಲ್ಲಿ ‘ತೆಲ್ಚಾಕಿಯೋ’ (Telchaquillo) ಹಾಕಿ, ಇಲ್ಲವೇ ಮಾಯಾಪಾನ್ ಜೊತೆ ‘ಸೋನಾ ಆರ್ಕಿಯೋಲೋಹಿಕಾ’ (Zona Arqueológica, ಅಂದರೆ ಪುರಾತತ್ವದ ಜಾಗ) ಅನ್ನುವುದನ್ನು ಸೇರಿಸಿ ಹುಡುಕಿ. ದಾರಿಯಲ್ಲಿ ತೆಯಾಬೋ ಊರೇ ಬಂದುಬಿಟ್ಟರೆ ನೀವು ದಾಟಿ ಬಂದಿದ್ದೀರಿ ಅಂತಲೇ ಲೆಕ್ಕ, ಅಲ್ಲೇ ತಿರುಗಿಸಿ. ಬೆಳಿಗ್ಗೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೋಗಿ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಸಣ್ಣ ನೋಟು, ಶುಗರ್ ಇದ್ದವರಿಗೆ ತಿನ್ನಲು ಏನಾದರೂ ಕಾರಿನಲ್ಲಲ್ಲ, ಕೈಚೀಲದಲ್ಲೇ ಇರಲಿ. ಇಂಥ ಸಣ್ಣ ಜಾಗಗಳು ಊರಿನವರ ಜಮೀನು ತಕರಾರಿಗೆ ಒಮ್ಮೊಮ್ಮೆ ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಹೊರಡುವ ಹಿಂದಿನ ದಿನ ಹೋಟೆಲಿನವರ ಕೈಲಿ ಫೋನ್ ಮಾಡಿಸಿ, ತೆರೆದಿದೆಯಾ ಅಂತ ಕೇಳಿಕೊಳ್ಳಿ.